ನಾಕಾದಲ್ಲಿ ನಿಂತ ಗಾಡಿ

ಕೊಲ್ಹಾಪುರದಿಂದ ಮರಳಿದಾಗಲೆಲ್ಲ ನನ್ನ ತಂಗಿಯ ಬಲ ಅಂಗೈ ಮದರಂಗಿ ಹಚ್ಚಿದಂತೆ ಕೆಂಪಗಿರುತ್ತಿತ್ತು. ಅದು ಟೆಂಪೊ ಹತ್ತುವಾಗ ಹಿಡಿದ ಕಬ್ಬಿಣದ ಸರಳಿನ ತುಕ್ಕು. ಕೈ ತೊಳೆಯುವ ಮೊದಲು ನನ್ನ ಮುಖದ ಮುಂದೆ ಹಿಡಿದು ತೋರಿಸಿಯೇ ಒಳಗೆ ಹೋಗುತ್ತಿದ್ದಳು.

ಎಂಬತ್ತರ ದಶಕದ ಕೊನೆ. ಅವಳು ನಿಪ್ಪಾಣಿಯಲ್ಲಿ ಕಾಲೇಜು ಓದುತ್ತಿದ್ದಳು. ಮೆಟ್ರಿಕ್‌ಗೆ ಓದು ಮುಗಿಸಿದ ನಾನು ಹಾಲಿನ ವ್ಯಾನು ಓಡಿಸುತ್ತಿದ್ದೆ. ಅವಳಿಗೆ ಕುಸ್ತಿಯ ಹುಚ್ಚು. ಅದೂ ಊರ ಹುಡುಗರ ಕುಸ್ತಿಯಲ್ಲ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ದೊಡ್ಡ ಪೈಲ್ವಾನರು ಕೊಲ್ಹಾಪುರದಲ್ಲಿ ಹಿಡಿಯುವ ಇನಾಮಿನ ಕುಸ್ತಿ. ಬಸ್ಸಿನ ಪಾಸು ನಿಪ್ಪಾಣಿಗೆ ಮುಗಿಯುತ್ತಿತ್ತು, ಆಸೆ ಮುಗಿಯುತ್ತಿರಲಿಲ್ಲ. ನನ್ನ ವ್ಯಾನು ದಿನವೂ ಕೊಲ್ಹಾಪುರಕ್ಕೆ ಹೋಗುತ್ತಿತ್ತು. ಆದರೂ ಅವಳನ್ನು ಹತ್ತಿಸಲಿಲ್ಲ.

"ಲಂಗೋಟಿ ಕಟ್ಟಿದ ಗಂಡಸರನ್ನ ನೋಡಾಕ ಹೊಂಟಾಳಂತ ಮಂದಿ ನಗ್ತಾರ" ಎಂದೆ.

"ನಾ ಪಟ್ಟು ನೋಡಾಕ ಹೊಂಟೀನಿ, ಅಣ್ಣಾ. ಲಂಗೋಟಿ ನೀ ನೋಡು" ಎಂದಳು.

ಗುರುತಿನ ಡ್ರೈವರುಗಳಿಗೆಲ್ಲ, ಅವಳು ಕೈ ಮಾಡಿದರೆ ನಿಲ್ಲಿಸಬೇಡಿ ಎಂದು ಹೇಳಿಟ್ಟೆ. ಅವಳು ಕೈ ಮಾಡುವುದನ್ನೇ ಬಿಟ್ಟಳು. ಕೊಗನೊಳ್ಳಿಯ ಗಡಿ ನಾಕಾಕ್ಕೆ ಹೋಗಿ ನಿಂತಳು. ಕಾಗದ ತೋರಿಸಲು ಮಾಲಿನ ಗಾಡಿಗಳೆಲ್ಲ ಅಲ್ಲಿ ನಿಲ್ಲಲೇಬೇಕು. ಸಾಲಿನುದ್ದಕ್ಕೂ ನಡೆದು, ಹೆಂಗಸರು ಕುಳಿತ ಗಾಡಿ ನೋಡಿ ಕೇಳುತ್ತಿದ್ದಳು. ಅವ್ವ ಹೆದರುತ್ತಲೇ ರೊಟ್ಟಿ ಕಟ್ಟಿಕೊಡುತ್ತಿದ್ದಳು. ನಾವು ಜೈನರು, ಮಗಳು ಮರಳಿದ ಕೂಡಲೇ ಅವ್ವನದು ಒಂದೇ ಪ್ರಶ್ನೆ: "ಹೊತ್ತು ಮುಳುಗೂದ್ರಾಗ ಉಂಡಿ ಹೌದಿಲ್ಲೊ?"

"ಮೈದಾನದಾಗ ಕುಂತು ಉಂಡೀನಿ. ಬಾಜೂಕಿನ ಮುದುಕಗೂ ಅರ್ಧ ರೊಟ್ಟಿ ಕೊಟ್ಟೀನಿ."

ಒಂದು ಮಧ್ಯಾಹ್ನ ಆ ಸಾಲಿನಲ್ಲಿ ನನ್ನ ವ್ಯಾನೂ ಸಿಕ್ಕಿಕೊಂಡಿತು. ಅವಳು ನೇರ ನನ್ನ ಕಿಟಕಿಗೇ ಬಂದಳು. ನನ್ನ ಪಕ್ಕದ ಸೀಟಿನಲ್ಲಿ ಬೇರೆ ಊರಿನ ಡ್ರೈವರ್ ಒಬ್ಬ ಕುಳಿತಿದ್ದ.

"ಯಾರಲೇ ಇಕಿ?" ಎಂದ.

"ಗೊತ್ತಿಲ್ಲ" ಎಂದೆ.

ಅವಳ ಮುಖ ಬಿಳಿಚಿತು. ಆಮೇಲೆ ನನ್ನನ್ನೇ ನೋಡುತ್ತ, "ಹೌದ್ರಿ, ನನಗೂ ಇವ್ರ ಪರಿಚಯ ಇಲ್ಲ. ಗಾಡಿ ನಿಂತೈತಿ, ಕೇಳಾಕತ್ತೀನಿ. ಕೊಲ್ಹಾಪುರಕ್ಕ ಬಿಡ್ತೀರೇನ್ರಿ, ಡ್ರೈವರ್ ಸಾಹೇಬ್ರ?" ಎಂದಳು.

ನಾನು ಮುಂದಿನ ಗಾಡಿಯತ್ತ ಮುಖ ತಿರುಗಿಸಿದೆ. ಹಿಂದಿನ ಟೆಂಪೊದಿಂದ ಕಾಯಿಪಲ್ಲೆ ಮಾರುವ ಮುದುಕಿ ಕೂಗಿದಳು: "ಬಾ ಬೇ ತಂಗಿ, ಇಲ್ಲಿ ಹತ್ತು. ಆ ಭಾಡ್ಯಾಗ ಮನ್ಯಾಗ ಅಕ್ಕ-ತಂಗ್ಯಾರಿಲ್ಲ ಕಾಣತೈತಿ!"

ಪಕ್ಕದವನು ನಕ್ಕ. ನಾನೂ ನಕ್ಕೆ.

ಅಂದಿನಿಂದ ಅವಳು ನನ್ನ ಗಾಡಿ ಹತ್ತಲಿಲ್ಲ, ಮದುವೆಯಾಗಿ ಗಂಡನ ಮನೆಗೆ ಹೊರಟ ದಿನವೂ. ಮುಂದೆ ಶಾಲೆಯಲ್ಲಿ ಶಿಕ್ಷಕಿಯಾದಳು. ಕುಸ್ತಿ ನೋಡಲು ತನ್ನ ವಿದ್ಯಾರ್ಥಿನಿಯರನ್ನೂ ಕರೆದೊಯ್ದಳು. ಮೊದಲ ಸಾಲಿನಲ್ಲೇ ಕೂರಿಸಿದಳಂತೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವವರು ನಮ್ಮೂರಿನಲ್ಲಿ ಈಗಲೂ ಇದ್ದಾರೆ. ಹಾಗೆಂದವರಲ್ಲಿ ನಾನೇ ಮೊದಲಿಗ. ಆದ್ದರಿಂದಲೇ ಎದೆ ತಟ್ಟಿ ಹೇಳುತ್ತೇನೆ: ಅವಳು ಹೋದದ್ದು ಸರಿ, ಕೇಳಿದ್ದು ಸರಿ, ನನ್ನನ್ನು ಕ್ಷಮಿಸದೆ ಇದ್ದದ್ದೂ ಸರಿ.

ಕೊನೆಗೆ ಕಾಯಿಲೆ ಬಿದ್ದಾಗ ಅವಳನ್ನು ಕೊಲ್ಹಾಪುರದ ಆಸ್ಪತ್ರೆಗೆ ಕರೆದೊಯ್ದವನು ನಾನು. ಏಳಲಾರದವಳನ್ನು ನಾನೇ ಎತ್ತಿ ಗಾಡಿಯಲ್ಲಿ ಮಲಗಿಸಿದೆ. ಅವಳು ಅಲ್ಲಿಂದ ಮರಳಲಿಲ್ಲ. ಹೋಗುವಾಗ ಕೊಗನೊಳ್ಳಿಯಲ್ಲಿ ಪೊಲೀಸನೊಬ್ಬ ಗಾಡಿ ನಿಲ್ಲಿಸಿ ಒಳಗೆ ಇಣುಕಿದ.

"ಇವ್ರು ನಿಮಗ ಏನಾಗಬೇಕ್ರಿ?"

"ತಂಗಿ! ನನ್ನ ತಂಗಿರಿ!" ಎಂದೆ. ಅವನು ಬೆಚ್ಚಿ ಹಿಂದೆ ಸರಿಯುವಷ್ಟು ದೊಡ್ಡ ದನಿಯಲ್ಲಿ.

ಹಿಂದಿನ ಸೀಟಿನಿಂದ, ಕಣ್ಣು ಮುಚ್ಚಿಕೊಂಡೇ ಅವಳೆಂದಳು:

"ಅಂತೂ ಗುರುತು ಹತ್ತಿತಲ್ರಿ, ಡ್ರೈವರ್ ಸಾಹೇಬ್ರ."