ಮುಂಜಾನೆ ಆರೂವರೆಯ ಸಭೆ

ಬೈಲಹೊಂಗಲದಿಂದ ನೇಸರಗಿ ಕಡೆಗೆ ಹೊರಟ ಮೊದಲ ಬಸ್ಸು ಬನ್ನಿಮಟ್ಟಿ ಕ್ರಾಸಿನಲ್ಲಿ ನಿಂತಾಗ ಗಂಟೆ ಆರೂ ಹತ್ತು. ಇಳಿಯುವವರು ಒಬ್ಬರೇ. ಹೆಗಲಿಗೆ ಚೀಲ, ತಲೆಯ ಮೇಲೆ ಬಿಗಿಯಾಗಿ ಹೊದ್ದ ಸೆರಗು, ಕಾಲಿಗೆ ಕ್ಯಾನ್ವಾಸ್ ಬೂಟು. ನಾಜಿಮಾ ನದಾಫ ಅಲ್ಲಿಂದ ಒಂದೂಕಾಲು ಕಿಲೋಮೀಟರ್ ನಡೆಯುತ್ತಾರೆ. ಎರಡೂ ಬದಿಯ ಕಡಲೆ ಹೊಲಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಅವರು. ಶಾಲೆ ಶುರುವಾಗಲು ಇನ್ನೂ ಮೂರು ತಾಸಿನ ಮೇಲಿದೆ.

ಆದರೆ ಶಾಲೆಯ ಪಡಸಾಲೆ ಆಗಲೇ ತುಂಬಿದೆ. ಹಾಸಿದ ಜಮಖಾನದ ಮೇಲೆ ಮೂವತ್ತಾರು ಮಂದಿ ತಾಯಿ ತಂದೆಯರು ಕೂತಿದ್ದಾರೆ. ಹೆಂಗಸರ ಪಕ್ಕದಲ್ಲಿ ಕುಡಗೋಲು, ರೊಟ್ಟಿಯ ಗಂಟು. ಡೇರಿಗೆ ಹಾಲು ಹಾಕಿ ಬಂದ ಗಂಡಸರ ಕೈಯಲ್ಲಿ ಖಾಲಿ ಕ್ಯಾನು. ಪ್ರತಿ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಆರೂವರೆಗೆ, ಇಲ್ಲಿ ಪಾಲಕರ ಸಭೆ. ಕುರ್ಚಿ ಯಾರಿಗೂ ಇಲ್ಲ. ನಾಜಿಮಾ ಬೂಟು ಬಿಚ್ಚಿ ಜಮಖಾನದ ಅಂಚಿನಲ್ಲೇ ಕೂತು ಹೋದ ತಿಂಗಳ ಪಟ್ಟಿ ಓದುತ್ತಾರೆ.

"ಏಳು ಕೆಲಸ ಒಪ್ಪಕೊಂಡಿದ್ವಿ. ಆರು ಆಗ್ಯಾವು. ನಾಕನೇ ಇಯತ್ತೆ ಖೋಲಿ ಕಿಡಕಿ ಆಗಿಲ್ಲ. ಬಡಿಗ್ಯಾರು ಬರಲಿಲ್ಲ ಅಂತ ಹೇಳೂದಿಲ್ಲ ನಾ. ಅವರಿಗೆ ಹೇಳೂದ ಮರತಿದ್ದೆ."

ಯಾರೂ ನಗುವುದಿಲ್ಲ, ಯಾರೂ ಸಿಟ್ಟಾಗುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಉಳವಪ್ಪ ಮಾತ್ರ, "ಶುಕ್ರವಾರ ಅಂತ ಬರೀರಿ ಅಕ್ಕೋರ. ಬಡಿಗ್ಯಾನ್ನ ನಾ ಕರಕೊಂಡ ಬರತೇನಿ" ಎನ್ನುತ್ತಾರೆ. ನಾಲ್ಕನೇ ತರಗತಿ ಕೋಣೆಯ ಕಿಟಕಿಯ ಮುಂದೆ ನಾಜಿಮಾ ಶುಕ್ರವಾರ ಎಂದು ಬರೆದುಕೊಳ್ಳುತ್ತಾರೆ. ಏಳೂಕಾಲಕ್ಕೆ ಸಭೆ ಮುಗಿದು ಹೆಂಗಸರು ಅಲ್ಲಿಂದಲೇ ಹೊಲದ ದಾರಿ ಹಿಡಿಯುತ್ತಾರೆ.

ನಾಜಿಮಾ ಅವರಿಗೆ ಈಗ ಐವತ್ತೆರಡು. ತಂದೆ ಖಾಸಿಮಸಾಬ ಅರಳೆ ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಗಾದಿ ಹೊಲಿಯುತ್ತಿದ್ದವರು. ಮಗಳನ್ನು ಬೈಲಹೊಂಗಲದ ಸರ್ಕಾರಿ ಶಾಲೆಯಲ್ಲಿ ಓದಿಸಿದರು. "ಅಪ್ಪ ನಮ್ಮ ಸಾಲಿ ಮೆಟ್ಟಲಾ ಒಮ್ಮಿನೂ ಹತ್ತಲಿಲ್ರಿ" ಎಂದು ಅವರು ನೆನೆಯುತ್ತಾರೆ. "ರಸ್ತಾದಾಗ ನಿಂತು ನನ್ನ ಕರಕೊಂಡ ಹೋಗಾಂವ. ಅಂಗಿಗೆ ಅರಳಿ ಹತ್ತಿರತೈತಿ, ಒಳಗ ಬಂದ್ರ ಮಾಸ್ತರ ಏನ ಅಂತಾರೋ ಅಂತ ಅಂಜಿಕಿ ಅವಂಗ."

ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಐದು ಶಾಲೆ ಕಂಡ ನಾಜಿಮಾ ಮುಖ್ಯ ಶಿಕ್ಷಕಿಯಾಗಿ ಬನ್ನಿಮಟ್ಟಿಗೆ ಬಂದದ್ದು ಆರು ವರ್ಷದ ಹಿಂದೆ. ಆಗ ಪಾಲಕರ ಸಭೆ ನಡೆಯುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಬರುತ್ತಿದ್ದವರು ನಾಲ್ಕೋ ಐದೋ ಜನ. ಉಳಿದವರ ಸಹಿ, ಹೆಬ್ಬೆಟ್ಟನ್ನು ಮನೆ ಮನೆಗೆ ರಿಜಿಸ್ಟರ್ ಕಳಿಸಿ ಹಾಕಿಸಿಕೊಳ್ಳುವುದು ರೂಢಿ. ತಾವೂ ಹಾಗೆ ಮಾಡಿದ್ದುಂಟು ಎಂಬುದನ್ನು ಅವರು ಮುಚ್ಚಿಡುವುದಿಲ್ಲ. "ಎರಡು ವರ್ಷ ನಾನೂ ಹಂಗ ಮಾಡೇನಿ. ರಿಜಿಸ್ಟರ್‌ದಾಗ ನಮ್ಮ ಸಾಲಿ ಭಾಳ ಚಲೋ ಇತ್ತು."

ಅದೆಲ್ಲ ಬದಲಾದದ್ದು ನಾಲ್ಕು ವರ್ಷದ ಹಿಂದಿನ ಜುಲೈ ತಿಂಗಳ ಒಂದು ದಿನ. ಒಂಬತ್ತೂವರೆಗೆ ನಾಜಿಮಾ ಶಾಲೆಗೆ ಬಂದರೆ ಗೇಟಿಗೆ ಊರವರು ಕೀಲಿ ಜಡಿದಿದ್ದರು. ಹೊರಗೆ ಎಪ್ಪತ್ತು ಎಂಬತ್ತು ಜನ. ಗಣಿತದ ಶಿಕ್ಷಕರನ್ನು ಬೇರೆ ಶಾಲೆಗೆ ನಿಯೋಜಿಸಿ ಐದು ತಿಂಗಳಾಗಿತ್ತು, ಬದಲಿಗೆ ಯಾರೂ ಬಂದಿರಲಿಲ್ಲ. ಸಹ ಶಿಕ್ಷಕರು ಪೊಲೀಸರಿಗೆ ಫೋನ್ ಮಾಡೋಣ ಎಂದರು. ನಾಜಿಮಾ ಬೇಡವೆಂದು ಜನರ ನಡುವೆಯೇ ನೆಲದ ಮೇಲೆ ಕೂತರು. ನೋಟ್‌ಬುಕ್ ತೆಗೆದು, "ಒಬ್ಬೊಬ್ರ ಹೇಳ್ರಿ, ಎಲ್ಲಾ ಬರಕೋತೇನಿ" ಅಂದರು.

ಗಂಡಸರು ಗಣಿತದ ಮಾತಾಡಿದರು, ಒಡೆದ ಹಂಚಿನ ಮಾತಾಡಿದರು. ಅಷ್ಟರಲ್ಲಿ ಹಿಂದೆ ನಿಂತಿದ್ದ ಕೂಲಿ ಕೆಲಸದ ಬಾಯವ್ವ ಮುಂದೆ ಬಂದರು. ಅವರ ಮೊಮ್ಮಗಳು ಅನ್ನಪೂರ್ಣಾ ಆಗ ಏಳನೇ ತರಗತಿ.

"ಗಣಿತ ಆಮ್ಯಾಲ ಬರಕೋರಿ. ಊಟಕ್ಕ ಬಿಟ್ಟ ಮ್ಯಾಲ ನನ್ನ ಮೊಮ್ಮಗಳು ತಿರಗಿ ಸಾಲಿಗೆ ಹೋಗಾಂಗಿಲ್ಲ. ಆಕಿ ಒಬ್ಬಾಕಿ ಅಲ್ಲ, ದೊಡ್ಡ ಹುಡಿಗ್ಯಾರು ಯಾರೂ ಹೋಗಾಂಗಿಲ್ಲ. ಪಾಯಖಾನಿಗೆ ಕೀಲಿ ಹಾಕೀರಿ. ದಿನಪೂರ್ತಿ ತಡಕೊಂಡು ಹ್ಯಾಂಗ ಕೂಡಬೇಕ್ರಿ ಅವರು?"

ನಾಜಿಮಾ ಅವರ ಪೆನ್ನು ನಿಂತಿತು. ಹೆಣ್ಣುಮಕ್ಕಳ ಶೌಚಾಲಯದ ಕೀಲಿಕೈ ಅವರ ಚೀಲದಲ್ಲೇ ಇತ್ತು. ತಪಾಸಣೆಗೆ ಅಧಿಕಾರಿಗಳು ಬಂದಾಗ ಸ್ವಚ್ಛ ಕಾಣಲಿ ಎಂದು ಅದನ್ನು ಮುಚ್ಚಿಸಿದವರು ಅವರೇ. ನೀರಿಲ್ಲ ಎನ್ನಬಹುದಿತ್ತು, ತೊಳೆಯುವವರಿಲ್ಲ ಎನ್ನಬಹುದಿತ್ತು. ಎರಡೂ ಅರ್ಧ ನಿಜವೇ. ರಸ್ತೆಯಲ್ಲಿ ನಿಲ್ಲುತ್ತಿದ್ದ ತಂದೆ ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದರು ಎನ್ನುತ್ತಾರೆ ಅವರು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಕೀಲಿ ಹಾಕಿಸಿದಾಕಿ ನಾನ. ತಪ್ಪು ನಂದ ಐತಿ. ಗೇಟ್ ನೀವು ತಗೀರಿ, ಅದನ್ನ ನಾ ತಗೀತೇನಿ."

ಉಳವಪ್ಪ ಮುಂದೆ ಬಂದು ಗೇಟು ತೆಗೆದರು, ನಾಜಿಮಾ ಒಳಗೆ ಹೋಗಿ ಶೌಚಾಲಯದ ಕೀಲಿ ತೆಗೆದರು. ಉಳವಪ್ಪ ಈಗಲೂ ಆ ದಿನವನ್ನು ನೆನೆಯುತ್ತಾರೆ: "ಸರಕಾರದವರು ತಪ್ಪು ನಂದ ಅಂದಿದ್ದು ಆವತ್ತ ಮೊದಲ ಕೇಳಿದ್ವಿ ನಾವು. ಜಗಳಾ ಎಲ್ಲಿಂದ ಮುಂದ ಮಾಡಬೇಕೋ ತಿಳೀಲಿಲ್ಲ."

ಆ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು ಇಪ್ಪತ್ಮೂರು ದೂರು. ಮರುದಿನ ಅಷ್ಟೂ ಶಾಲೆಯ ಹೊರಗೋಡೆಯ ಕಪ್ಪು ಹಲಗೆಗೆ ಬಂದವು: ಏನು ದೂರು, ಯಾರು ಮಾಡಬೇಕು, ಯಾವ ತಾರೀಖಿನೊಳಗೆ. ತಾರೀಖು ದಾಟಿದ್ದು ಕೆಂಪು ಸುಣ್ಣಕಡ್ಡಿಯಲ್ಲಿ. ಗಣಿತದ ಶಿಕ್ಷಕರಿಗಾಗಿ ನಾಜಿಮಾ ಹನ್ನೊಂದು ಮಂದಿ ಪಾಲಕರ ಜೊತೆ ಬೈಲಹೊಂಗಲದ ಶಿಕ್ಷಣ ಇಲಾಖೆಯ ಕಚೇರಿಗೆ ನಾಲ್ಕು ಸಲ ಹೋದರು. ಐವತ್ತೆರಡನೆಯ ದಿನ ಶಿಕ್ಷಕರು ಬಂದರು. ಸಭೆಯ ಹೊತ್ತು ಬದಲಿಸಿದ್ದು ಬಾಯವ್ವ. "ಮೂರಕ್ಕ ಕರದ್ರ ಅರ್ಧ ದಿನದ ಪಗಾರ ಹೋಗತೈತಿ. ಮುಂಜಾನಿ ಕರೀರಿ, ಹಂಗ ಹೊಲಕ್ಕ ಹೋಗತೀವಿ" ಎಂದರು. ಅಂದಿನಿಂದ ನಾಜಿಮಾ ಸಭೆಯ ದಿನ ನಾಲ್ಕಕ್ಕೆ ಏಳುತ್ತಾರೆ. ಪಂಕ್ಚರ್ ಅಂಗಡಿ ನಡೆಸುವ ಗಂಡ ಅತೀಕ ಚಹಾ ಮಾಡಿಕೊಟ್ಟು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆ. ಎರಡು ವರ್ಷದಿಂದ ನಾಜಿಮಾ ಅವರಿಗೆ ಮೊಣಕಾಲು ನೋವು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಆದರೂ ಕುರ್ಚಿ ತರಿಸಿಲ್ಲ.

ಎಲ್ಲರೂ ಮೆಚ್ಚಿದರು ಅಂತಲ್ಲ. ಗೋಡೆಯ ಹಲಗೆಯಲ್ಲಿ ತಮ್ಮ ಹೆಸರು ಕೆಂಪಾದ ದಿನ ಹಿರಿಯ ಶಿಕ್ಷಕ ಪರಸಪ್ಪ ಮಾಸ್ತರ ವರ್ಗಾವಣೆಗೆ ಅರ್ಜಿ ಬರೆದರು. ಮೂರು ತಿಂಗಳು ಮುಖ್ಯ ಶಿಕ್ಷಕಿಯೊಂದಿಗೆ ಮಾತು ಬಿಟ್ಟರು. "ನಮ್ಮ ಮಾನಾ ಗ್ವಾಡಿ ಮ್ಯಾಲ ಬರದ್ರಲ್ಲ ಅಂತ ಸಿಟ್ಟು ಬಂದಿತ್ತು" ಎನ್ನುತ್ತಾರೆ ಅವರು. "ಆದ್ರ ಅದ ಹಲಗಿ ಮ್ಯಾಲ ಅಕ್ಕೋರ ಹೆಸರು ನನ್ನ ಹೆಸರಿಗಿಂತ ಜಾಸ್ತಿ ಸಲ ಕೆಂಪ ಇರತಿತ್ತು. ಅದನ್ನ ನೋಡಿ ನೋಡಿ ಸಿಟ್ಟು ಇಳೀತು." ಅರ್ಜಿಯನ್ನು ಅವರೇ ವಾಪಸ್ ಪಡೆದರು. ನಾಜಿಮಾ ರಜೆಯಲ್ಲಿದ್ದರೆ ಬೆಳಗಿನ ಸಭೆ ನಡೆಸುವವರು ಈಗ ಪರಸಪ್ಪ ಮಾಸ್ತರ.

ಗೇಟಿಗೆ ಕೀಲಿ ಬಿದ್ದ ವರ್ಷ ನೂರಾ ಅರವತ್ತೊಂದು ಇದ್ದ ಮಕ್ಕಳು ಈಗ ಇನ್ನೂರಾ ಹದಿನಾಲ್ಕು. ನೇಸರಗಿಯ ಖಾಸಗಿ ಶಾಲೆಯ ವ್ಯಾನು ಹತ್ತುತ್ತಿದ್ದ ಒಂಬತ್ತು ಮಕ್ಕಳು ಇಲ್ಲಿಗೇ ಬಂದಿದ್ದಾರೆ. ಏಳನೇ ತರಗತಿಯ ಹತ್ತೊಂಬತ್ತು ಹುಡುಗಿಯರಲ್ಲಿ ಊಟದ ನಂತರ ಮನೆಯಲ್ಲಿ ಉಳಿಯುವವರು ಒಬ್ಬರೂ ಇಲ್ಲ. ಅನ್ನಪೂರ್ಣಾ ಪಿಯುಸಿಗೆ ಬೈಲಹೊಂಗಲಕ್ಕೆ ಹೋಗಿ ಬರುತ್ತಾಳೆ. ಪ್ರಶಸ್ತಿಗೆ ಅರ್ಜಿ ಹಾಕಿ ಎಂದವರಿಗೆ ನಾಜಿಮಾ, "ಅರ್ಜಿದಾಗ ನಾನ ಮಾಡಿದೆ ಅಂತ ಬರೀಬೇಕಾಗತೈತಿ. ಅದು ಸುಳ್ಳಾಗತೈತಿ" ಎಂದು ಸುಮ್ಮನಾಗಿದ್ದಾರೆ.

ಈಚೆಗೆ ಶಾಲೆಗೆ ಒಂದು ಸಮೀಕ್ಷೆಯ ತಂಡ ಬಂದಿತ್ತು. ಶಾಲೆಯ ಆಡಳಿತದ ಬಗ್ಗೆ ನಿಮಗೆಷ್ಟು ಸಮಾಧಾನವಿದೆ, ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಪಾಲಕರನ್ನು ಕೇಳುವುದು ಅವರ ಕೆಲಸ. ಅನ್ನಪೂರ್ಣಾಳ ತಮ್ಮ ಈಗ ಮೂರನೇ ತರಗತಿಯಲ್ಲಿರುವುದರಿಂದ ಬಾಯವ್ವನ ಸರದಿಯೂ ಬಂತು. ಓದು ಬಾರದ ಅವರಿಗೆ ತಂಡದ ತರುಣಿ ಪ್ರಶ್ನೆ ಓದಿ ಹೇಳಿದಳು. ನಾಜಿಮಾ ಎರಡು ಮಾರು ದೂರದಲ್ಲೇ ನಿಂತಿದ್ದರು. ಬಾಯವ್ವ ಅವರತ್ತ ಒಮ್ಮೆ ನೋಡಿ, ತಿರುಗಿ ತರುಣಿಗೆ ಹೇಳಿದರು: "ನಾಕು ಹಾಕವ್ವಾ. ಐದು ಕೊಡೂದಿಲ್ಲ. ಕುಡ್ಯೂ ನೀರಿನ ಟಾಕಿ ಇನ್ನಾ ಸೋರತೈತಿ."

ತರುಣಿಗೆ ಮುಜುಗರವಾಯಿತು. ನಾಜಿಮಾ ಮಾತ್ರ ಆ ದಿನ ಮನೆಗೆ ಹೋದವರೇ ಗಂಡನಿಗೆ ಮೊದಲು ಹೇಳಿದ್ದು ಆ ಸುದ್ದಿಯನ್ನೇ. ಅದನ್ನು ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ.

"ಐದಕ್ಕ ಐದು ಕೊಟ್ಟವರು ಭಾಳ ಮಂದಿ ಅದಾರ್ರಿ. ಅದರಾಗ ನನಗ ಅಂಜಿ ಕೊಟ್ಟವರೆಷ್ಟು, ಮನಸಿನಿಂದ ಕೊಟ್ಟವರೆಷ್ಟು, ನನಗೇನ ಗೊತ್ತು? ಬಾಯವ್ವ ನಾ ಎದುರಿಗೆ ಇದ್ದಾಗ ಒಂದು ಕಡಿಮಿ ಮಾಡಿದಳಲ್ಲ, ಆ ನಾಕು ಖರೇವು."