ಹಮೀದಾಕನ ಬೆನ್ನು, ನನ್ನ ಅನುವಾದ

ಕಳೆದ ವಾರ ಇಲ್ಲಿ, ಕೊಲ್ಲಿ ನಾಡಿನಲ್ಲಿ, ಫರ್ವಾನಿಯಾದ ಒಂದು ಕ್ಲಿನಿಕ್ಕಿನ ಬೆಂಚಿನಲ್ಲಿ ಸರೋಜಮ್ಮನವರ ಪಕ್ಕ ಕೂತಿದ್ದೆ. ರಿಗ್ಗೈಯಲ್ಲಿ ನಮ್ಮ ಎದುರುಮನೆಯಾಕೆಯ ತಾಯಿ ಅವರು. ಕುಂದಾಪುರದಿಂದ ಮಗಳನ್ನು ನೋಡಲು ಬಂದವರಿಗೆ ಮಂಡಿನೋವು ಹಿಡಿದಿತ್ತು. ಮಗಳಿಗೆ ರಜೆ ಇಲ್ಲ, ಹಾಗಾಗಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಅಯೋಡಿನ್ ವಾಸನೆ ಹೊರಗೆ ನುಗ್ಗಿತು. ನಿಮಗೆ ಆ ವಾಸನೆಯಿಂದ ಬಾಲ್ಯದಲ್ಲಿ ತರಚಿಕೊಂಡ ಮೊಣಕಾಲು ನೆನಪಾಗಬಹುದು. ನನಗೆ ನೆನಪಾಗುವುದು ಹಮೀದಾಕನ ಬೆನ್ನು.

ಹಮೀದಾಕ ಎಂದರೆ ಹಮೀದಣ್ಣ; ಉಪ್ಪಿನಂಗಡಿ ಕಡೆಯ ಬ್ಯಾರಿ. ಹವಲ್ಲಿಯಲ್ಲಿ ನಾನು ಕಾಗದಪತ್ರ ನೋಡಿಕೊಳ್ಳುತ್ತಿದ್ದ ಅಂಗಡಿಯಲ್ಲೇ ಅವರಿಗೂ ಕೆಲಸ. ಫ್ರಿಜ್ಜು, ವಾಷಿಂಗ್ ಮಷೀನುಗಳನ್ನು ಗಿರಾಕಿಗಳ ಮನೆಗೆ ಹೊತ್ತು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು. ಹವಲ್ಲಿಯ ಹಳೇ ಕಟ್ಟಡಗಳಲ್ಲಿ ಲಿಫ್ಟು ಇದ್ದರೂ ಇಲ್ಲದ ಹಾಗೆಯೇ. ಇಪ್ಪತ್ತು ವರ್ಷ ಮೆಟ್ಟಿಲು ಹತ್ತಿದ ಮೇಲೆ ಅವರ ಸೊಂಟ ಮುಷ್ಕರ ಹೂಡಿತು. ನಮಾಜನ್ನೂ ಕುರ್ಚಿಯಲ್ಲಿ ಕೂತೇ ಮಾಡುವಂತಾಯಿತು. ಅಂಗಡಿಯಲ್ಲಿ ಕೆಲವರು ಇದು ಭಾರ ಎತ್ತದಿರುವ ಉಪಾಯ ಎಂದೂ ಆಡಿಕೊಂಡರು.

ಸ್ಕ್ಯಾನಿನಲ್ಲಿ ಬೆನ್ನೆಲುಬಿನ ಎರಡು ಡಿಸ್ಕುಗಳು ಸವೆದದ್ದು ಕಂಡಿತು. ಎರಡನ್ನೂ ತೆಗೆದು ಸ್ಕ್ರೂ ಹಾಕಿದರೆ ದೊಡ್ಡ ಆಪರೇಷನ್ನು, ತಿಂಗಳುಗಟ್ಟಲೆ ವಿಶ್ರಾಂತಿ. ಅಷ್ಟರೊಳಗೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಮುಗಿದರೆ ಊರಿನ ದಾರಿ. ಆದರೆ ಸವೆದದ್ದೆಲ್ಲ ನೋಯಬೇಕೆಂದಿಲ್ಲ ಎಂದರು ಈಜಿಪ್ಟಿನ ಡಾಕ್ಟರು. ಅದಕ್ಕೊಂದು ಪರೀಕ್ಷೆ ಇದೆ. ಎಕ್ಸ್‌ರೇಯಲ್ಲಿ ನೋಡುತ್ತಾ ಒಂದೊಂದೇ ಡಿಸ್ಕಿನೊಳಗೆ ಸೂಜಿ ಇಳಿಸಿ ದ್ರವ ತುಂಬುತ್ತಾರೆ. ರೋಗಿ ಎಚ್ಚರವಾಗಿದ್ದು, ಎದ್ದ ನೋವು ಎಂಥದ್ದು ಎಂದು ಹೇಳಬೇಕು. ದಿನವೂ ಕಾಡುವ ನೋವೇ ಯಾವುದರಿಂದ ಎದ್ದು ಬರುತ್ತದೋ ಅದೇ ತಪ್ಪಿತಸ್ಥ.

ಪರೀಕ್ಷೆ ಎಂದರೆ ಸಾಕು, ನನ್ನೊಳಗಿನ ಮೇಷ್ಟ್ರು ಎದ್ದು ಕೂರುತ್ತಾನೆ. ಇಲ್ಲಿಗೆ ಬರುವ ಮೊದಲು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳಿದ್ದೆ. ಎರಡೇ ವರ್ಷ, ಗತ್ತು ಮಾತ್ರ ಇನ್ನೂ ಇಳಿದಿಲ್ಲ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಉತ್ತರ ಹೇಳಿಕೊಟ್ಟೆ.

“ಹಮೀದಾಕ, ಎಲ್ಲಿ ಚುಚ್ಚಿದರೂ ಬೇನೆ ಉಂಟು ಅಂತಲೇ ಹೇಳಿ. ಒಂದೇ ಸಲಕ್ಕೆ ಎಲ್ಲಾ ಸರಿ ಮಾಡ್ತಾರೆ. ಮತ್ತೆ ನೀವು ನಾಟಕ ಮಾಡುದು ಅಂತ ಯಾರೂ ಹೇಳುದಿಲ್ಲ.”

ಅವರು ಕಿಟಕಿಯಾಚೆ ನೋಡುತ್ತಾ, “ನೋಡುವ ಮಾಷ್ಟ್ರೇ,” ಎಂದರು. ಒಪ್ಪಿದರೆಂದೇ ನಾನು ತಿಳಿದೆ.

ಅವತ್ತಿನ ನರ್ಸು ಫಿಲಿಪೈನ್ಸಿನವಳು. ಮಲಯಾಳಿ ಇದ್ದಿದ್ದರೆ ಮಲಯಾಳಕ್ಕೆ ಹತ್ತಿರದ ಹಮೀದಾಕನ ಬ್ಯಾರಿ ಮಾತು ಅವಳಿಗೆ ಅರ್ಥವಾಗುತ್ತಿತ್ತು, ನನ್ನ ಅಗತ್ಯ ಬೀಳುತ್ತಿರಲಿಲ್ಲ. ಹಮೀದಾಕನಿಗೆ ಗೊತ್ತಿದ್ದ ಅರಬಿ ಗಿರಾಕಿಗಳ ಜೊತೆಗಿನ ನಾಲ್ಕು ಮಾತಿಗಷ್ಟೇ ಸಾಲುತ್ತಿತ್ತು. ನನಗೂ ಸೀಸದ ಭಾರದ ಏಪ್ರನ್ ತೊಡಿಸಿ ಒಳಗೆ ಬಿಟ್ಟರು. ಬೋರಲು ಮಲಗಿದ್ದ ಹಮೀದಾಕನ ತಲೆಯ ಬಳಿ ನಿಂತೆ. ಬೆನ್ನಿಗೆ ಅಯೋಡಿನ್ ಬಳಿದು, ಚರ್ಮ ಮಾತ್ರ ಮರಗಟ್ಟಿಸಿ, ಮೂರು ಸೂಜಿ ಇಳಿಸಿದರು.

“ಯಾವುದಕ್ಕೆ ತುಂಬುತ್ತಿದ್ದೇನೆಂದು ಹೇಳುವುದಿಲ್ಲ. ಏನನ್ನಿಸಿತೋ ಅಷ್ಟೇ ಹೇಳಲಿ,” ಎಂದರು ಡಾಕ್ಟರು ಇಂಗ್ಲಿಷಿನಲ್ಲಿ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಮೊದಲನೆಯದು. “ಒತ್ತಿದ ಹಾಗೆ ಆಗ್ತದೆ. ಬೇನೆ ಇಲ್ಲ,” ಎಂದರು ಹಮೀದಾಕ.

ನನ್ನ ವಿದ್ಯಾರ್ಥಿ ಮೊದಲ ಪ್ರಶ್ನೆಗೇ ತಪ್ಪಿದನಲ್ಲ ಎಂದು ನನಗೆ ಚಡಪಡಿಕೆ. ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ “ಸ್ವಲ್ಪ ಪೇನ್ ಇದೆಯಂತೆ” ಎಂದುಬಿಟ್ಟೆ.

ಪೇನ್ ಎಂಬ ಪದ ಹಮೀದಾಕನಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಎತ್ತಲಾಗದೆ ಹಾಸಿಗೆಗೇ ಹೇಳುವವರಂತೆ, “ನೋ ಡಾಕ್ಟರ್. ಮಾಫಿ ಪೇನ್,” ಎಂದರು. ಇಲ್ಲ ಎನ್ನುವುದಕ್ಕೆ ಇಲ್ಲಿನ ಅರಬಿಯಲ್ಲಿ ಮಾಫಿ ಎನ್ನುತ್ತಾರೆ.

ಡಾಕ್ಟರು ನನ್ನನ್ನು ನೋಡಿದರು. ಬೈಯಲಿಲ್ಲ. “ಅವನ ಮಾತು ಸಾಕು,” ಎಂದರು, ಅಷ್ಟೇ. ಏಪ್ರನ್ನಿನ ಒಳಗೆ ಬೆವರಿದೆ.

ಎರಡನೆಯದಕ್ಕೆ ಅವರ ಮೈ ಬಿಗಿಯಿತು. ತುಸು ಹೊತ್ತು ಯೋಚಿಸಿ ಹೇಳಿದರು: “ಬೇನೆ ಉಂಟು. ಆದ್ರೆ ಇದು ನನ್ನದಲ್ಲ, ಮಾಷ್ಟ್ರೇ. ಇದು ಹೊಸದು.”

ಈ ಸಲ ಅಕ್ಷರ ಬಿಡದೆ ಅನುವಾದಿಸಿದೆ.

ಮೂರನೆಯದಕ್ಕೆ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಫ್ರಿಜ್ಜು ಹೊತ್ತ ಕೈ; ಬಿಡಿಸಿಕೊಳ್ಳುವ ಮಾತೇ ಇಲ್ಲ. “ಇದೇ. ಇದೇ ಅದು. ಎಡಗಾಲಿನ ಹೆಬ್ಬೆರಳವರೆಗೆ ಹೋಗ್ತದೆ ನೋಡಿ, ಇದೇ.” ಕಣ್ಣಿನಲ್ಲಿ ನೀರಿತ್ತು. ಆದರೆ ಆ ಮುಖದಲ್ಲಿದ್ದದ್ದು ನೋವೊಂದೇ ಅಲ್ಲ. ಮೂರು ವರ್ಷ ಯಾರೂ ನಂಬದ ಮಾತಿಗೆ ಕೊನೆಗೊಂದು ಸಾಕ್ಷಿ ಸಿಕ್ಕಿದವನ ನೆಮ್ಮದಿಯೂ ಇತ್ತು.

ಕೆಟ್ಟದ್ದು ಒಂದೇ ಡಿಸ್ಕು ಎಂದಾಯಿತು. ಸ್ಕ್ಯಾನಿನಲ್ಲಿ ಸವೆದು ಕಂಡ ಇನ್ನೊಂದನ್ನು ಮುಟ್ಟುವುದು ಬೇಡವೆಂದರು ಡಾಕ್ಟರು. ಎಲ್ಲದಕ್ಕೂ ನೋವೆಂದಿದ್ದರೆ ಪರೀಕ್ಷೆಯೇ ವ್ಯರ್ಥವಾಗುತ್ತಿತ್ತು, ಸವೆಯದೆ ಚೆನ್ನಾಗಿದ್ದ ಒಂದು ಡಿಸ್ಕಿಗೂ ಸೂಜಿ ಇಳಿಸಿದ್ದು ಉತ್ತರಗಳ ಸಾಚಾತನ ನೋಡಲೆಂದೇ ಎಂದೂ ಹೇಳಿದರು. ಹೇಳುವಾಗ ನನ್ನತ್ತ ನೋಡದಿದ್ದದ್ದು ಅವರ ದೊಡ್ಡತನ.

ವಾರ್ಡಿನಲ್ಲಿ ಚಹಾ ಕುಡಿಯುತ್ತಿದ್ದ ಹಮೀದಾಕನನ್ನು ಕೇಳಿದೆ, “ನಾನು ಹೇಳಿಕೊಟ್ಟದ್ದನ್ನು ಯಾಕೆ ಹೇಳಲಿಲ್ಲ?”

“ಮಾಷ್ಟ್ರೇ, ನಾನು ಮಷೀನ್ ರಿಪೇರಿ ಮಾಡುವ ಜನ. ಎಲ್ಲಾ ಹಾಳಾಗಿದೆ ಅಂತ ಹೇಳುವ ಗಿರಾಕಿಯ ಮಷೀನ್ ಯಾವತ್ತೂ ಸರಿ ಆಗುದಿಲ್ಲ. ಎಲ್ಲಿ ಶಬ್ದ ಬರ್ತದೆ ಅಂತ ಸರಿಯಾಗಿ ಹೇಳಿದವನದ್ದು ಅರ್ಧ ಗಂಟೆಯಲ್ಲಿ ಖಲಾಸ್.” ಒಂದು ಗುಟುಕು ಕುಡಿದು ಸೇರಿಸಿದರು, “ನಿಮಗೆ ಬೇಜಾರಾಯ್ತಾ?”

ಬೇಜಾರಲ್ಲ, ನಾಚಿಕೆಯಾಗಿತ್ತು. ಅದನ್ನು ಅವತ್ತು ಹೇಳಲಿಲ್ಲ; ಇವತ್ತು ನಿಮಗೆ ಹೇಳುತ್ತಿದ್ದೇನೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಅವರು ಅಂಗಡಿಗೆ ಮರಳಿದರು. ಭಾರ ಎತ್ತುವುದು ನಿಂತಿತು, ರಿಪೇರಿ ನಿಲ್ಲಲಿಲ್ಲ. ಮರುವರ್ಷದ ಒಂದು ಶುಕ್ರವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರು ಚಾಪೆ ಹಾಸಿ, ಹಣೆ ನೆಲಕ್ಕೆ ಮುಟ್ಟಿಸಿ, ಕೈಯೂರದೆ ಮೇಲೆದ್ದದ್ದನ್ನು ಕಂಡೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ಇದನ್ನೆಲ್ಲ ನೆನೆಯುತ್ತಿರುವಾಗ ಸರೋಜಮ್ಮನವರ ಹೆಸರು ಕರೆದರು. ಹತ್ತರಲ್ಲಿ ಎಷ್ಟು ನೋವು ಎಂದು ಡಾಕ್ಟರು ಕೇಳಿದರು. ಏಳು ಎಂಬ ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ಪ್ರಶ್ನೆಯನ್ನಷ್ಟೇ ದಾಟಿಸಿದೆ.

“ಹತ್ರಲ್ಲಿ ಎಷ್ಟ್ ಅಂದ್ರೆ ಹ್ಯಾಂಗೆ ಹೇಳುದು ಮಗಾ,” ಎಂದು ಅವರು ಮಂಡಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಡಾಕ್ಟರು ಗಡಿಯಾರ ನೋಡಿದರು. ನಾನು ಸುಮ್ಮನೆ ಕಾದೆ.

“ನಿನ್ನೆಗಿಂತ ಕಮ್ಮಿ. ಮೆಟ್ಲ್ ಇಳಿಯುವಾಗ ಮಾತ್ರ ಜಾಸ್ತಿ.”

ಅಷ್ಟನ್ನೇ, ಅದೇ ಕ್ರಮದಲ್ಲಿ, ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು.