ಅಯ್ಯನವರು ಸೇರಿಸಿದ ಕೈ

ಮೊನ್ನೆ ಮಗಳು ಮೊಮ್ಮಗುವಿಗೆ ಹಚ್ಚಲು ಕೊಬ್ಬರಿ ಎಣ್ಣೆ ಬಿಸಿಗಿಟ್ಟಿದ್ದಳು. ಆ ವಾಸನೆ ಅಡುಗೆಮನೆ ದಾಟಿ ನಡುಮನೆಗೆ ಬಂತು. ನನಗೆ ಸಿಸ್ಟರಕ್ಕ ನೆನಪಾದರು...

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದು. ಪಕ್ಕದ ಮನೆಯ ಅವರು ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಸಿಸ್ಟರಮ್ಮ, ನನಗೆ ಸಿಸ್ಟರಕ್ಕ. ಅವರ ಯಜಮಾನರು ಲೈನ್‌ಮನ್. ಅವರನ್ನು ಅಣ್ಣ ಅನ್ನುತ್ತಿದ್ದೆ. ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಅಣ್ಣ ಡ್ಯೂಟಿಗೆ ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತು ಕಾಲರ್ ಸರಿಮಾಡಿ, ಕೆನ್ನೆ ತಟ್ಟಿ ಕಳಿಸುತ್ತಿದ್ದರು. ಭಾನುವಾರ ಚರ್ಚಿಗೆ ಕೈ ಕೈ ಹಿಡಿದು ಹೋಗುತ್ತಿದ್ದರು. ನಮ್ಮತ್ತೆ ಕಿಟಕಿಯಿಂದ ನೋಡಿ, "ಸಿಗ್ಗು ಲೇದು! ನಾಚಿಕೇನೇ ಇಲ್ಲ ಕಣೇ ಇವರಿಗೆ" ಅನ್ನುವರು. ನಾನೂ ಹೂಂಗುಟ್ಟುತ್ತಿದ್ದೆ. ಆದರೆ ಮಾರನೆಯ ದಿನ ಅದೇ ಹೊತ್ತಿಗೆ ಆ ಕಿಟಕಿಯ ಹತ್ತಿರವೇ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ನನ್ನವರು ಒಳ್ಳೆಯವರು, ನನಗೆ ಒಂದು ಗಡುಸು ಮಾತು ಆಡಿದವರಲ್ಲ. ಆದರೆ ಹಗಲಲ್ಲಿ ಕಾಫಿ ಲೋಟವನ್ನೂ ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಕೆಳಗಿಡುವವರೆಗೂ ಕಾಯುವರು.

ಒಂದು ಮಳೆಗಾಲದಲ್ಲಿ ಅಣ್ಣನಿಗೆ ಕಂಬದ ಮೇಲೆ ಕರೆಂಟ್ ಹೊಡೆಯಿತು. ಜೀವ ಉಳಿಯಿತು. ಎರಡೂ ಕೈ ಮೊಣಕೈವರೆಗೆ ಸುಟ್ಟಿದ್ದವು. ಬಲಗೈಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಮನೆಗೆ ಬಂದ ಅಣ್ಣ ಬೇರೆಯೇ ಮನುಷ್ಯ. ಬಿರುಬಿಸಿಲಲ್ಲೂ ತುಂಬುತೋಳಿನ ಅಂಗಿ. ಕೈಗಳ ಮೇಲೆ ಟವೆಲ್ ಹೊದ್ದು ಕೂರುವರು. ಅಕ್ಕ ಹತ್ತಿರ ಬಂದರೆ ಎದ್ದು ಹೋಗುವರು. ಚರ್ಚಿಗೆ ಅಕ್ಕ ಮುಂದೆ ಹೋದರೆ ಅಣ್ಣ ಎಲ್ಲೋ ಹಿಂದೆ.

"ಆಸ್ಪತ್ರೇಲಿ ಯಾರ್ಯಾರ್ದೋ ಗಾಯ ಮುಟ್ತೀನಿ ಕಣಮ್ಮ, ನಮ್ಮೋರು ಮಾತ್ರ ಮುಟ್ಟಿಸ್ಕೊಳಲ್ಲ" ಎಂದು ಅಕ್ಕ ಒಮ್ಮೆ ನನ್ನೆದುರು ಅತ್ತುಬಿಟ್ಟರು.

"ಜೀವ ಉಳೀತಲ್ಲ ಬಿಡಿ ಅಕ್ಕ" ಅಂದೆ.

"ಉಳೀತು. ಒಂದೇ ಮನೇಲಿದೀವಿ. ಆದ್ರೆ ಜೊತೇಲಿಲ್ವಲ್ಲಮ್ಮ..."

ಒಂದು ಸಂಜೆ ಹುಳಿ ಕೊಡಲೆಂದು ಹೋದೆ. ಹಿತ್ತಿಲಲ್ಲಿ ಅಣ್ಣ ಕುರ್ಚಿಯ ಮೇಲೆ, ಅಕ್ಕ ಬಿಸಿ ಎಣ್ಣೆಯ ಬಟ್ಟಲಿಟ್ಟುಕೊಂಡು ನೆಲದ ಮೇಲೆ. ಅವರು ನನ್ನನ್ನು ನೋಡಲಿಲ್ಲ.

"ಬೇಡ ಬಿಡೇ. ನಂಗೇ ನೋಡಕ್ಕಾಗಲ್ಲ. ನಿಂಗೆ ಅಸಹ್ಯ ಆಗಲ್ವಾ?" ಅಣ್ಣನ ದನಿ ಒಡೆದಿತ್ತು.

"ಮದುವೇಲಿ ಚರ್ಚಿನ ಅಯ್ಯನವರು ಈ ಕೈನ ನನ್ನ ಕೈಗೆ ಸೇರಿಸಿದ್ರು. ಚೆನ್ನಾಗಿರೋವರೆಗೂ ಹಿಡ್ಕೊಮ್ಮ ಅಂತ ಹೇಳಲಿಲ್ಲ. ಇದು ನಂದು. ಕೊಡ್ರಿ ಇಲ್ಲಿ."

ಅಣ್ಣ ಟವೆಲ್ ಸರಿಸಿದರು. ಆಮೇಲೆ ತಾವೇ ತೋಳಿನ ಗುಂಡಿ ಬಿಚ್ಚಲು ನೋಡಿದರು, ಬೆರಳು ಬಗ್ಗಲಿಲ್ಲ. ಅಕ್ಕ ಬಿಚ್ಚಿದರು. ಮೊಣಕೈಯಿಂದ ಮೆಲ್ಲಗೆ ನೀವುತ್ತ ಬಂದಂತೆ ಅಣ್ಣ ಬಾಗಿ, ಅಕ್ಕನ ನೆತ್ತಿಗೆ ಹಣೆಯಾನಿಸಿ ಅಳತೊಡಗಿದರು. ನಾನು ಪಾತ್ರೆಯನ್ನು ಬಾಗಿಲಲ್ಲೇ ಇಟ್ಟು ಬಂದೆ.

ಅಂದಿನಿಂದ ದಿನಾ ಸಂಜೆ ಆ ವಾಸನೆ ಗೋಡೆ ದಾಟಿ ಬರುತ್ತಿತ್ತು. ದಿನವೂ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅಕ್ಕ, "ಪ್ರಾರ್ಥನೆ ಹೆಂಗೋ ಇದೂ ಹಂಗೇ ಕಣಮ್ಮ. ಮನಸ್ಸು ಬಂದಾಗ ಮಾತ್ರ ಮಾಡೋದಲ್ಲ" ಅಂದಿದ್ದರು.

ಮತ್ತೆ ಒಂದು ಭಾನುವಾರ ಅವರಿಬ್ಬರೂ ಕೈ ಹಿಡಿದು ಬೀದಿಗಿಳಿದರು. ಅಣ್ಣನ ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ಅತ್ತೆ ಕಿಟಕಿಯಲ್ಲಿ ನಿಂತು ಅವರು ತಿರುವು ದಾಟುವವರೆಗೂ ನೋಡಿದರು. ಈ ಸಲ ಬೈಯಲಿಲ್ಲ. "ನಿಮ್ಮ ಮಾವ ಒಂದಿನಾನೂ ನನ್ನ ಕೈ ಹಿಡೀಲಿಲ್ಲ ಕಣೇ" ಅಂದು ಒಳಗೆ ಹೋದರು.

ಅವತ್ತು ನಾನು ಕಾಫಿ ಲೋಟ ಕೆಳಗಿಡಲಿಲ್ಲ. ಹಿಡಿದೇ ನಿಂತೆ. ನನ್ನವರು ಅತ್ತಿತ್ತ ನೋಡಿದರು, ಕೆಮ್ಮಿದರು, ಕೊನೆಗೆ ಕೈ ಚಾಚಿದರು. ಬೆರಳಿಗೆ ಬೆರಳು ತಗುಲಿತು. ಇಬ್ಬರಿಗೂ ನಗು ಬಂತು.

ಅಕ್ಕ ರಿಟೈರ್ ಆದ ಮೇಲೆ ಅವರು ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಗೆ ಹೋದರು. ಹೋದ ವರ್ಷ ಅಕ್ಕ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದವರು ನಾವು, ಆಮೇಲೆ ಅಣ್ಣನನ್ನು ವಿಚಾರಿಸಿರಲೇ ಇಲ್ಲ. ಮೊನ್ನೆ ಫೋನ್ ಮಾಡಿದೆ.

"ಎಲ್ಲಾ ಚೆನ್ನಾಗಿ ನೋಡ್ಕೋತಾರಮ್ಮ. ಊಟ, ಮಾತ್ರೆ, ಏನಕ್ಕೂ ಕಮ್ಮಿ ಇಲ್ಲ." ಫೋನ್ ಇಡುವ ಮುಂಚೆ ಹೇಳಿದರು: "ಆದ್ರೆ ದಿನವೆಲ್ಲ ಯಾರೂ ಮುಟ್ಟಲ್ಲ ಕಣಮ್ಮ."

ನಿನ್ನೆ ಇಬ್ಬರೂ ಬಸ್ ಹತ್ತಿ ಹೋಗಿದ್ದೆವು. ನನ್ನವರು ಅಣ್ಣನ ಪಕ್ಕ ಕೂತು, ಆ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು. ಅಣ್ಣ ಬಿಡಿಸಿಕೊಳ್ಳಲಿಲ್ಲ. ಹಿಡಿದದ್ದು ಅಕ್ಕನ ಕೈಯಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು.